ಮಧ್ಯಾಹ್ನ ಬಂದವರ ಬೆರಳು

ಕಲ್ಯಾಣದ ಪಕ್ಕ ಶಹಾಡ್ ಸ್ಟೇಷನ್ನಿನ ಹೊರಗೆ ನನ್ನದೊಂದು ಝೆರಾಕ್ಸ್ ಅಂಗಡಿ. ಅರ್ಜಿ ತುಂಬಿಸುವುದು, ಪಿಂಚಣಿದಾರರು ಬದುಕಿದ್ದಾರೆ ಎಂಬ ಪ್ರಮಾಣಪತ್ರ ತೆಗೆದುಕೊಡುವುದು ಎಲ್ಲ ಅಲ್ಲೇ. ಪ್ರಮಾಣಪತ್ರಕ್ಕೆ ಕಂಪ್ಯೂಟರಿಗೆ ಜೋಡಿಸಿದ ಪುಟ್ಟ ಯಂತ್ರದ ಮೇಲೆ ಬೆರಳು ಒತ್ತಬೇಕು. ಕೂಲಿಯವರ ಬೆರಳ ಗುರುತು ಪರದೆಗೆ ಬಾರದಿದ್ದರೆ ನನ್ನ ಬಾಯಲ್ಲಿ ಒಂದೇ ಮಾತು: “ಬೆರಳು ಸವೆದು ಹೋಗಿದೆ ಮಾರಾಯ್ರೆ, ನಾಳೆ ಬನ್ನಿ.” ಉಡುಪಿಯವರ ಮಗಳು ನಾನು, ನಯವಾಗಿಯೇ ಹೇಳುತ್ತಿದ್ದೆ.

ಹೋದ ವರ್ಷ ಕಲಬುರಗಿ ಕಡೆಯ ಹೆಂಗಸೊಬ್ಬರು ಮೂರನೆಯ ಸಲ ಬಂದರು. ಇಲ್ಲಿನ ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡ ಗಂಡನ ಪಿಂಚಣಿ ಅವರಿಗೆ ಬರುತ್ತದೆ. ಪ್ರಮಾಣಪತ್ರ ಹೋಗದಿದ್ದರೆ ಮುಂದಿನ ತಿಂಗಳಿಂದ ಅದು ಬಂದ್. ಕಟ್ಟಡದ ಕೆಲಸದ ನಡುವೆ, ಊಟದ ಬಿಡುವಿನಲ್ಲಿ ಬಂದಿದ್ದರು. ಒತ್ತಿದರು, ಬರಲಿಲ್ಲ. ನಾನು ಹಳೇ ರಾಗ ತೆಗೆದೆ.

“ನನ್ನ ಹೆಬ್ಬಟ್ಟ ಸವದಿಲ್ರಿ ಅಕ್ಕಾರ. ನಿಮ್ಮದು ಇಟ್ಟು ನೋಡ್ರಿ ಮೊದಲ.”

ಸಿಟ್ಟು ಬಂತು. ಇಟ್ಟೆ. ಮನೆಯಲ್ಲಿ ಪಾತ್ರೆ ತೊಳೆಯಲೂ ಜನವಿರುವ ನನ್ನ ನುಣುಪು ಬೆರಳೂ ಬರಲಿಲ್ಲ! ಎರಡು ವರ್ಷದಲ್ಲಿ ಒಮ್ಮೆಯೂ ನಾನು ಹೀಗೆ ಪರೀಕ್ಷಿಸಿ ನೋಡಿರಲಿಲ್ಲ.

ಯಂತ್ರ ಮಾರಿದವನಿಗೆ ಫೋನ್ ಮಾಡಿ, ಈ ಹೆಂಗಸಿನ ಬೆರಳು ಬರುತ್ತಿಲ್ಲ ಎಂದೆ.

“ಮೌಶಿ ಕಾ ಉಂಗ್ಲಿ ಘಿಸ್ ಗಯಾ ಹೋಗಾ, ಮ್ಯಾಡಮ್,” ಎಂದು ಅವನೂ ಬೆರಳು ಸವೆದ ನನ್ನ ರಾಗವನ್ನೇ ಹಾಡಿದ.

“ಔರ್ ಮೇರಾ?” ಎಂದೆ, ನನ್ನದೂ ಬರಲಿಲ್ಲವಲ್ಲ. ಅವನು ಫೋನ್ ಇಟ್ಟುಬಿಟ್ಟ.

ಇಟ್ಟರೆ ಇಡಲಿ, ನಾನೇ ನೋಡಿಕೊಳ್ಳುತ್ತೇನೆ ಎಂದು ಹಟ ಹಿಡಿದು ಕೂತೆ. ಯಂತ್ರದ ದೀಪ ಉರಿಯುತ್ತಿತ್ತು, ಅದನ್ನು ನಂಬಿಯೇ ಇಷ್ಟು ದಿನ ಮೋಸಹೋಗಿದ್ದೆ. ಕಂಪ್ಯೂಟರಿಗೆ ಜೋಡಿಸಿದ್ದನ್ನೆಲ್ಲ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದರೆ ಯುಎಸ್‌ಬಿ ಕಂಟ್ರೋಲರಿನ ಮೇಲೆ, ಅಂದರೆ ಯಂತ್ರದ ವೈರು ಸೇರುವ ಭಾಗದ ಮೇಲೆ, ದೋಷದ ಹಳದಿ ಗುರುತು. ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ಕಿತ್ತುಹಾಕಿದೆ. ತಕ್ಷಣ ಮೌಸ್ ಕೂಡ ಸತ್ತುಬಿತ್ತು, ಅದೂ ಅದೇ ಕಂಟ್ರೋಲರಿನ ಸಂಸಾರ. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದಾಗ ಹೊಸ ಡ್ರೈವರ್ ತಾನಾಗಿ ಬಂದು ಕೂತಿತು. ಒಳಗೊಂದು ಸೆಟ್ಟಿಂಗ್ ಇತ್ತು: ಕರೆಂಟು ಉಳಿಸಲು, ಕೆಲಸವಿಲ್ಲದೆ ಸ್ವಲ್ಪ ಹೊತ್ತು ಕೂತ ಯುಎಸ್‌ಬಿಯನ್ನು ಮಲಗಿಸುವುದು. ಕೆಟ್ಟ ಡ್ರೈವರಿಗೆ ಮಲಗಿಸಲು ಬರುತ್ತಿತ್ತು, ಎಬ್ಬಿಸಲು ಬರುತ್ತಿರಲಿಲ್ಲ. ಆ ಟಿಕ್ಕನ್ನೂ ತೆಗೆದೆ.

ಆಗ ಎಲ್ಲ ಸ್ಪಷ್ಟವಾಯಿತು. ಆಫೀಸಿನಿಂದ ನಿವೃತ್ತರಾದವರು ವಾಕಿಂಗ್ ಮುಗಿಸಿ ಬೆಳಿಗ್ಗೆಯೇ ಬರುತ್ತಾರೆ, ಕಂಪ್ಯೂಟರ್ ಆಗಷ್ಟೇ ಎದ್ದಿರುತ್ತದೆ. ಕೂಲಿಯವರು ಬರುವುದು ಮಧ್ಯಾಹ್ನ. ನಾನು ಹೊತ್ತು ನೋಡಲಿಲ್ಲ, ಅವರ ಕೈ ನೋಡಿದೆ. ನಾಚಿಕೆಯಾಯಿತು.

ಅವರ ಹೆಬ್ಬೆರಳು ಮೊದಲ ಸಲಕ್ಕೇ ಬಂತು. ಪ್ರಮಾಣಪತ್ರವನ್ನು ಕೈಗಿಟ್ಟು, “ನಾನು ತಿರುಗಿ ಕಳಿಸಿದವರಿಗೆಲ್ಲ ಬರಲಿಕ್ಕೆ ಹೇಳಿ ಅಮ್ಮ,” ಎಂದೆ.

“ನಾ ಯಾಕ ಹೇಳ್ಲಿ? ಬೆರಳ ಸವದಾವ ಅಂದವರು ನೀವು. ಸುಮಾರು ಮಂದಿ ನಮ್ಮ ಸೈಟಿನಾಗ ಅದಾರ, ಬಂದು ನೀವ ಹೇಳ್ರಿ.”

ಶಟರ್ ಎಳೆದು ಅವರ ಹಿಂದೆ ನಡೆದೆ. ಬಿಡುವು ಮುಗಿದಿತ್ತು. ಸೂಪರ್‌ವೈಸರ್ ಅಡ್ಡ ಬಂದ, ನಾನು ಜಗ್ಗಲಿಲ್ಲ. ಇಟ್ಟಿಗೆ ರಾಶಿಯ ಪಕ್ಕ ನಿಂತು ಕನ್ನಡದಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಹೇಳಿದೆ: ನಿಮ್ಮ ಬೆರಳು ಸರಿಯಾಗಿವೆ, ಕೆಟ್ಟದ್ದು ನನ್ನ ಕಂಪ್ಯೂಟರ್.

ಗೇಟಿನಲ್ಲಿ ಕಾವಲಿಗೆ ಕೂತಿದ್ದ ಮುದುಕರು ಎದ್ದು ಬಂದರು. ಅವರೂ ಮೊದಲು ಕಾರ್ಖಾನೆಯಲ್ಲಿದ್ದವರಂತೆ.

“ಹೋದ ವರ್ಷ ನಿಮ್ಮ ಅಂಗಡ್ಯಾಗ ಬೆರಳ ಬರದ ನನ್ನ ಪಿಂಚಣಿ ನಿಂತಾಗೂ ಹಿಂಗ ಇತ್ತೇನ್ರಿ?”

“ಹೌದು,” ಎಂದೆ, ಎಲ್ಲರಿಗೂ ಕೇಳುವ ಹಾಗೆ.