ಮೂಗಿನ ಮೇಸ್ತ್ರಿಯ ಒಂಬತ್ತು ಫೋನು

ನಮ್ಮ ಭಾವನಿಗೆ ಊರಿನವರು ಇಟ್ಟ ಹೆಸರು ಮೂಗಿನ ಮೇಸ್ತ್ರಿ. ಮೂಗೇನೂ ದೊಡ್ಡದಲ್ಲ. ಗಾಡಿಯಲ್ಲಿ ಪೆಟ್ರೋಲಿನ ಆವಿ ಎಲ್ಲಿಂದ ಸೋರುತ್ತಿದೆ ಎಂದು ಬಾನೆಟ್ಟಿನಿಂದ ಹಿಂದಿನ ಬಂಪರಿನವರೆಗೆ ಒಮ್ಮೆ ಮೂಸಿಕೊಂಡು ಹೋಗಿ ಹೇಳಿಬಿಡುತ್ತಿದ್ದರು. "ಎಡಗಡೆ ಹಿಂದಿನ ಚಕ್ರದ ಮೇಲಿನ ಪೈಪು" ಅಂದರೆ ಅದೇ ಪೈಪು. ಟ್ಯಾಂಕಿನ ಕೆಲಸ ಯಾವುದೇ ಇರಲಿ, ಕೊನೆಗೆ ಬಗ್ಗಿ, ಮೂಸಿ, "ಸರಿ" ಅಂದಮೇಲೆಯೇ ಗಾಡಿ ಹೊರಗೆ ಹೋಗುತ್ತಿದ್ದದ್ದು.

ನಾನು ಅವರ ಹೆಂಡತಿಯ ತಮ್ಮ. ಅವರ ಗಾಡಿ ರಿಪೇರಿ ಶೆಡ್ಡಿನಲ್ಲೇ ವೈರಿಂಗ್ ಕೆಲಸ ನನ್ನದು. ಮೂರು ವರ್ಷದ ಹಿಂದೆ ಹಟ ಹಿಡಿದು ಒಂದು ಹೊಗೆ ಮಿಷನ್ ತರಿಸಿದ್ದೆ. ಟ್ಯಾಂಕಿಗೂ ಪೈಪಿಗೂ ಹೊಗೆ ಬಿಟ್ಟರೆ, ತೂತಿರುವ ಕಡೆ ಅದು ಹೊರಗೆ ಬರುತ್ತದೆ. ಭಾವ ಮೂಗು ಮುರಿದರು. "ನನ್ನ ಮುಖದ ಮೇಲೇ ಒಂದು ಪುಕ್ಕಟೆ ಮಿಷನ್ ಇದೆಯಲ್ಲೋ" ಅಂತ ಹೇಳಿ ಅದಕ್ಕೆ ಹಳೇ ಸೀಟ್ ಕವರ್ ಹೊದಿಸಿಬಿಟ್ಟರು.

ಒಂದು ವಾರ ಶೆಡ್ಡಿಗೆ ಬಂದದ್ದು ಟೀಚರಮ್ಮನ ಏಳು ಸೀಟಿನ ಗಾಡಿ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ದೀಪ ಹತ್ತುತ್ತಿದೆ, ಒಳಗೆ ಪೆಟ್ರೋಲ್ ವಾಸನೆ ಎಂದರು. ಭಾವ ಒಂದು ಸುತ್ತು ಮೂಸಿ, ಟ್ಯಾಂಕಿನ ಮುಚ್ಚಳ ಬದಲಾಯಿಸಿ, ದೀಪ ಆರಿಸಿದರು.

"ನನಗೇನೂ ವಾಸನೆ ಬರ್ತಿಲ್ಲ ಟೀಚರ್. ಬಂಕಿನಲ್ಲಿ ಬಟ್ಟೆಗೆ ಅಂಟಿಕೊಂಡಿರುತ್ತೆ."

ಮೂಗಿನ ಮೇಸ್ತ್ರಿಯೇ ಹೇಳಿದ ಮೇಲೆ ಆಕೆ ಎದುರಾಡಲಿಲ್ಲ. ನಾನೂ ಹೋಗಿ ನೋಡಲಿಲ್ಲ.

ಭಾನುವಾರ ಅಕ್ಕನ ಮನೆಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಹಾಲು ಸೀದ ವಾಸನೆ ಮುಖಕ್ಕೆ ಬಡಿಯಿತು. ಒಲೆಯಿಂದ ಎರಡು ಮಾರು ದೂರದಲ್ಲಿ ಭಾವ ಪೇಪರ್ ಓದುತ್ತ ಆರಾಮಾಗಿ ಕೂತಿದ್ದಾರೆ! ಅಕ್ಕ ಹಿತ್ತಲಿನಿಂದ ಓಡಿಬಂದು ಪಾತ್ರೆ ಇಳಿಸಿದಳು. ನಾನು ಮುಖ ನೋಡಿದರೆ ಅವಳು ಕಣ್ಣು ತಪ್ಪಿಸಿದಳು. ಆಮೇಲೆ ಪಾತ್ರೆ ತಿಕ್ಕುತ್ತ ಮೆಲ್ಲಗೆ ಹೇಳಿದಳು.

"ಆರು ತಿಂಗಳಾಯ್ತು ಕಣೋ. ಆ ಜ್ವರ ಬಂದಿತ್ತಲ್ಲ, ಆವಾಗಿಂದ ಇವರಿಗೆ ಯಾವ ವಾಸನೆನೂ ಗೊತ್ತಾಗಲ್ಲ. ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾರೆ."

ನನಗೆ ಮೈಯೆಲ್ಲ ಉರಿಯಿತು. ಆರು ತಿಂಗಳು ನನ್ನ ಕಣ್ಣೆದುರೇ ಬಗ್ಗಿ ಮೂಸುವ ನಾಟಕ! ಆದರೂ ಅವರನ್ನು ಕೇಳಲು ಬಾಯಿ ಬರಲಿಲ್ಲ. ಆ ಹೆಸರೊಂದು ಹೋದರೆ ಭಾವನ ಪಾಲಿಗೆ ಇನ್ನೇನು ಉಳಿಯುತ್ತದೆ ಎಂದು ಸುಮ್ಮನೆ ಊಟ ಮಾಡಿ ಬಂದೆ. ಅದಕ್ಕೆ ಇವತ್ತಿಗೂ ನಾಚಿಕೆಯಿದೆ.

ಸೋಮವಾರ ಶೆಡ್ಡಿನ ಬೀಗ ತೆಗೆಯುವ ಮೊದಲೇ ಟೀಚರಮ್ಮ ಕಾದಿದ್ದರು.

"ನಿನ್ನೆ ಟ್ಯಾಂಕ್ ತುಂಬಿಸಿದೆ. ಹಿಂದೆ ಕೂತಿದ್ದ ಚಿಕ್ಕವಳು ತಲೆನೋವು ಅಂತ ಅತ್ತು ಗಾಡಿಯಲ್ಲೇ ವಾಂತಿ ಮಾಡ್ಕೊಂಡಳು. ಇದೂ ನನ್ನ ಬಟ್ಟೆ ವಾಸನೆನಾ?"

ದೀಪವೂ ಮತ್ತೆ ಹತ್ತಿತ್ತು. ಭಾವ ಬಾಗಿಲು ತೆಗೆದರು. ಹತ್ತು ಹೆಜ್ಜೆ ಆಚೆ ನಿಂತಿದ್ದ ನನಗೇ ಪೆಟ್ರೋಲ್ ಘಾಟು ಬಂತು. ಭಾವ ಮಾತ್ರ ಎಂದಿನಂತೆ ತಲೆ ಒಳಗಿಟ್ಟು ಮೂಸತೊಡಗಿದರು.

"ಸಾಕು ಭಾವ" ಅಂದೆ.

ತಿರುಗಿ ನನ್ನ ಮುಖ ನೋಡಿದರು. ಗೊತ್ತಾಯಿತು ಅವರಿಗೆ. ಮೂಲೆಗೆ ಹೋಗಿ ಮಿಷನ್ನಿನ ಮೇಲಿನ ಸೀಟ್ ಕವರ್ ಎಳೆದು ಹಾಕಿದರು. ಆಮೇಲೆ ಟೀಚರಮ್ಮನ ಎದುರು ಬಂದು ನಿಂತರು.

"ನನ್ನ ಮೂಗು ಕೆಟ್ಟು ಆರು ತಿಂಗಳಾಯ್ತು ಟೀಚರ್. ಅವತ್ತು ನಿಮಗೆ ಸುಳ್ಳು ಹೇಳಿದೆ."

ಬ್ಯಾಟರಿ ಕಳಚಿ, ಟ್ಯಾಂಕಿನ ಗಾಳಿ ಹೋಗುವ ದಾರಿ ಮುಚ್ಚಿ, ಹೊಗೆ ಬಿಟ್ಟೆವು. ಎಂಜಿನ್ ಹತ್ತಿರ ಏನೂ ಇಲ್ಲ. ಚಕ್ರಗಳ ಹತ್ತಿರವೂ ಇಲ್ಲ. ಹಿಂದಿನ ಸೀಟು ಎತ್ತಿ ಟಾರ್ಚ್ ಬಿಟ್ಟಾಗ, ಟ್ಯಾಂಕಿನೊಳಗಿನ ಪಂಪಿಗೆ ಹಾಕಿದ ದುಂಡು ಮುಚ್ಚಳದ ಅಂಚಿನಿಂದ ನೂಲಿನಷ್ಟು ಹೊಗೆ ಏಳುತ್ತಿತ್ತು. ಭಾವನ ಮುಖದಲ್ಲಿ ರಕ್ತವಿಲ್ಲ. ಒಂದು ತಿಂಗಳ ಹಿಂದೆ ಆ ಪಂಪು ಬದಲಾಯಿಸಿದ್ದು ಅವರೇ. ಮುಚ್ಚಳದ ಕೆಳಗಿನ ರಬ್ಬರ್ ಉಂಗುರ ಒಂದು ಕಡೆ ಮಡಚಿಕೊಂಡು ಕೂತಿತ್ತು. ಮೂಗು ನೆಟ್ಟಗಿದ್ದಿದ್ದರೆ ಆ ಕ್ಷಣವೇ ಸಿಗುತ್ತಿದ್ದ ತಪ್ಪು. ಅವತ್ತೂ ಬಗ್ಗಿ, ಮೂಸಿ, "ಸರಿ" ಎಂದಿದ್ದರು. ಆ ಮಗು ಕೂರುತ್ತಿದ್ದದ್ದು ಸರಿಯಾಗಿ ಅದರ ಮೇಲೆ.

ಒಂದಷ್ಟು ಪೆಟ್ರೋಲ್ ಇಳಿಸಿ, ಹೊಸ ಉಂಗುರ ಕೂರಿಸಿ, ಮತ್ತೆ ಹೊಗೆ ಬಿಟ್ಟೆವು. ಎಲ್ಲೂ ಬರಲಿಲ್ಲ. ಬಾಗಿಲುಗಳನ್ನು ತೆರೆದಿಟ್ಟು ಗಾಡಿಗೆ ಗಾಳಿಯಾಡಲು ಬಿಟ್ಟೆವು. ಮಧ್ಯಾಹ್ನ ಭಾವ, "ಈಗ ನೀವೇ ಮೂಸಿ ನೋಡಿ ಟೀಚರ್" ಅಂದರು. ಆಕೆ ತಲೆ ಒಳಗಿಟ್ಟು ಬಹಳ ಹೊತ್ತು ನೋಡಿ, "ಇಲ್ಲ" ಎಂದರು. ಬೈಯಲೂ ಇಲ್ಲ, ನಗಲೂ ಇಲ್ಲ.

ಗಾಡಿ ಹೋದಮೇಲೆ ಭಾವ ಕೆಲಸದ ಪುಸ್ತಕ ತೆಗೆದು ಸ್ಟೂಲಿನ ಮೇಲೆ ಕೂತರು. ಈ ಆರು ತಿಂಗಳಲ್ಲಿ ಟ್ಯಾಂಕಿನ ಕೆಲಸ ಮಾಡಿದ ಗಾಡಿಗಳು ಇನ್ನೂ ಒಂಬತ್ತಿದ್ದವು. ಒಬ್ಬೊಬ್ಬರಿಗೇ ಫೋನ್ ಮಾಡತೊಡಗಿದರು.

"ಮೂಗಿನ ಮೇಸ್ತ್ರಿ ಮಾತಾಡೋದು. ನನ್ನ ಮೂಗು ಕೆಟ್ಟಿದೆ. ವಾಸನೆ ಗೊತ್ತಾಗದೇ ನಿಮ್ಮ ಗಾಡಿ ಸರಿಯಿದೆ ಅಂದುಬಿಟ್ಟಿದ್ದೀನಿ. ತಗೊಂಡು ಬನ್ನಿ, ಇನ್ನೊಂದ್ಸಲ ನೋಡ್ತೀನಿ."

ಒಬ್ಬರು ತಮಾಷೆ ಅಂದುಕೊಂಡು ನಕ್ಕರು. ಒಬ್ಬರು ಬೇರೆ ಕಡೆ ತೋರಿಸ್ತೀವಿ ಅಂತ ಫೋನ್ ಇಟ್ಟರು. ಭಾವ ಮಾತ್ರ ಪ್ರತಿಯೊಬ್ಬರಿಗೂ ಅವೇ ಮಾತು ಹೇಳಿದರು, ಒಂದಕ್ಷರ ಬಿಡಲಿಲ್ಲ. ಎಂಟು ಫೋನ್ ಆದ ಮೇಲೆ ನನ್ನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹತ್ತು ಹೆಜ್ಜೆ ದೂರದಲ್ಲಿ ಭಾವ ನನಗೆ ಬೆನ್ನು ಹಾಕಿ ಕೂತಿದ್ದರು. ನನ್ನ ಗಾಡಿಯ ಟ್ಯಾಂಕಿನ ಪೈಪನ್ನು ಬೇಸಿಗೆಯಲ್ಲಿ ಅವರೇ ಬದಲಾಯಿಸಿದ್ದರು. ಬೇರೆ ದಿನವಾಗಿದ್ದರೆ ಕಾಲೆಳೆಯುತ್ತಿದ್ದೆ.

"ಮೂಗಿನ ಮೇಸ್ತ್ರಿ ಮಾತಾಡೋದು. ನನ್ನ ಮೂಗು..." ಅಂದರು. ಅಷ್ಟಕ್ಕೇ ನಿಲ್ಲಿಸಿ ಕೆಲಸದ ಪುಸ್ತಕ ಮುಚ್ಚಿದರು.

ನಾನೂ ಬೆನ್ನು ತಿರುಗಿಸಿ ನಿಂತು, "ತರ್ತೀನಿ ಭಾವ" ಅಂದೆ.