ಹದಿನಾರಕ್ಕೆ ಎಲೆ ಕೇಳಿದ್ದು

ಗೋವಾದ ಕ್ಯಾಸಿನೋಗೆ ಹೋಗುವ ಮುಂಚೆ ನಮ್ಮ ಮನೆಯಲ್ಲಿ ಬ್ಲ್ಯಾಕ್‌ಜಾಕ್ ಎಂಬ ಇಸ್ಪೀಟಾಟ ಓದಿ ಕಲಿತವಳು ನಾನೊಬ್ಬಳೇ. ಕೆ.ಆರ್. ಪುರದ ಆಫೀಸಿನಿಂದ ಹಲಸೂರಿಗೆ ಮೆಟ್ರೋದಲ್ಲಿ ಬರುತ್ತಾ, ಯಾವ ಎಲೆಗಳು ಬಂದರೆ ಏನು ಮಾಡಬೇಕೆಂದು ಫೋನಿನಲ್ಲಿ ನೋಡಿ ಬಾಯಿಪಾಠ ಮಾಡಿದ್ದೆ. ಎಲೆಗಳ ಮೊತ್ತ ಇಪ್ಪತ್ತೊಂದು ದಾಟಿದರೆ ಸೋಲು. ನಮ್ಮದು ಹದಿನಾರಾಗಿ, ಎಲೆ ಹಂಚುವ ಡೀಲರ್ ಮುಂದೆ ಹತ್ತು ಕಂಡರೆ ಇನ್ನೊಂದು ಎಲೆ ಕೇಳಬೇಕು. ಸೋಲುವುದೇ ಹೆಚ್ಚು, ಆದರೂ ಸುಮ್ಮನೆ ಕೂರುವುದಕ್ಕಿಂತ ಅದೇ ವಾಸಿ.

ಅಲ್ಲಿ ನನಗೆ ಬಂದದ್ದೂ ಅದೇ. ಎಲೆ ಕೇಳಿದೆ, ಹತ್ತರ ಬೆಲೆಯ ರಾಜ ಬಿದ್ದು ಸೋತೆ. ಡೀಲರ್ ಮುಚ್ಚಿಟ್ಟಿದ್ದ ಎಲೆ ತಿರುವಿದರೆ ಆರು, ಆಮೇಲೆ ನಿಯಮದಂತೆ ಎಳೆದದ್ದು ಐದು. ಸರಿಯಾಗಿ ಇಪ್ಪತ್ತೊಂದು. ಟೇಬಲ್ಲಿನಲ್ಲಿದ್ದವರೆಲ್ಲ ಸೋತರು.

"ಆ ರಾಜನ್ನ ನೀನು ತಗೊಳ್ದಿದ್ರೆ ಡೀಲರ್‌ಗೆ ಹೋಗ್ತಿತ್ತು, ನಾವೆಲ್ಲ ಗೆಲ್ತಿದ್ವಿ!" ಎಂದು ನನ್ನ ಗಂಡನ ಅಣ್ಣ ಕೂಗಾಡಿದರು. ಮುಂದಿನ ಎಲೆ ಯಾವುದೆಂದು ನನಗೇನು ಕನಸು ಬಿದ್ದಿತ್ತೇ? ಸ್ವಲ್ಪ ಹೊತ್ತಿನ ಹಿಂದೆ ಅವರೂ ಹದಿನಾರಕ್ಕೆ ಎಲೆ ಕೇಳಿ ಸೋತಿದ್ದರು. ಆಗ ಯಾರೂ ತುಟಿ ಬಿಚ್ಚಿರಲಿಲ್ಲ.

"ಸಾರಿ ಅಂದ್ಬಿಡು, ಹೋಗ್ಲಿ," ಎಂದರು ನನ್ನ ಗಂಡ.

"ಅನ್ನಲ್ಲ. ನಾನು ಆಡಿದ್ದು ಸರಿಯಾಗೇ ಇದೆ."

ಈಗಲೂ ಭಾನುವಾರ ಊಟಕ್ಕೆ ಬಂದರೆ ಭಾವನದು ನೆಂಟರ ಮುಂದೆ ಅದೇ ಕಥೆ. ಮೊನ್ನೆ "ಇವಳ ಕೈಗುಣಾನೇ ಸರಿ ಇಲ್ಲ" ಎಂದು ನಗುತ್ತಾ ತಟ್ಟೆ ಚಾಚಿದರು. "ಸ್ವಲ್ಪ ಸಾರು ಹಾಕಮ್ಮ."

ಸಾರಿನ ಪಾತ್ರೆಯನ್ನು ಅವರ ಮುಂದೆ ಕುಕ್ಕಿದೆ. "ನೀವೇ ಹಾಕ್ಕೊಳ್ಳಿ ಭಾವ."

ಗಂಡ ಅನ್ನ ಕಲಸುತ್ತಲೇ ಇದ್ದರು. ಆಮೇಲೆ ಅಡುಗೆಮನೆಗೆ ಬಂದು, ಅಷ್ಟು ಸಿಟ್ಟು ಯಾಕೆ ಎಂದು ನನ್ನನ್ನೇ ಕೇಳಿದರು.