ಕತ್ತುಪಟ್ಟಿಯ ಒಳಗಿನ ಹೆಸರು

ಒದ್ದೆ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಎಳೆದಾಗ ಏಳುವ ಹಬೆಗೆ ಒಂದು ವಾಸನೆಯಿದೆ. ಮೊನ್ನೆ ಆಫೀಸಿನ ಅಂಗಿ ಇಸ್ತ್ರಿ ಮಾಡುವಾಗ ಅದು ಮೂಗಿಗೆ ಬಡಿದು ಕೈ ಅಲ್ಲೇ ನಿಂತಿತು. ಕೆನಡಾದ ಮಿಸಿಸಾಗದ ಆ ಆಲ್ಟರೇಷನ್ ಅಂಗಡಿ, ಪಕ್ಕದ ಮಷಿನ್ನು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತ ಅವರು...

2017ರಲ್ಲಿ ನಾನು ಮೈಸೂರಿನಿಂದ ಹೊಸದಾಗಿ ಬಂದ ವಿದ್ಯಾರ್ಥಿನಿ. ದಿನದ ಕ್ಲಾಸು ಮುಗಿಸಿ ಆ ಅಂಗಡಿಯಲ್ಲಿ ಪಾರ್ಟ್‌ಟೈಮ್ ಹೊಲಿಗೆ. ಪಕ್ಕದ ಮಷಿನ್ನಿನಲ್ಲಿ ಹೊಲಿಯುತ್ತಿದ್ದ ಅವರಿಗೆ ಅರವತ್ತು ದಾಟಿತ್ತು. ಈ ನೆಲದ ಮೂಲನಿವಾಸಿ. ನಾನು ಅವರನ್ನು ಅಜ್ಜಿ ಎನ್ನುತ್ತಿದ್ದೆ. ಅರ್ಥ ಹೇಳಿದ ಮೇಲೆ ಅವರಿಗೂ ಅದು ಹಿಡಿಸಿತ್ತು.

ಊಟದ ಬಿಡುವಿನಲ್ಲಿ ಅವರು ತಮಗಾಗಿ ಒಂದು ನೀಲಿ ಉಡುಪು ಹೊಲಿಯುತ್ತಿದ್ದರು. ಅದರ ತುಂಬ ಸಾಲುಸಾಲಾಗಿ ತಗಡಿನ ಪುಟ್ಟ ಕೊಳವೆಗಳು. ಅಲುಗಿಸಿದರೆ ಗೆಜ್ಜೆಯಂಥ ಸದ್ದು.

"ಯಾವ ಡ್ರಾಮಾಗೆ ಅಜ್ಜಿ, ಈ ಕಾಸ್ಟ್ಯೂಮು?" ಎಂದು ಕೇಳಿಬಿಟ್ಟೆ.

ಅವರು ಕತ್ತರಿ ಕೆಳಗಿಟ್ಟರು. "ಬೇರೆಯವರ ಥರ ಕಾಣೋಕೆ ಹಾಕ್ಕೊಳ್ಳೋದು ಕಾಸ್ಟ್ಯೂಮು. ಇದು ನಂದು."

ಆಮೇಲೆ ತಾವಾಗಿಯೇ ಹೇಳಿದರು. ಬೇಸಿಗೆಯಲ್ಲಿ ಅವರ ಜನ ಒಟ್ಟು ಸೇರಿ, ನಗಾರಿಯ ಸುತ್ತ ಹಾಡಿ ಕುಣಿಯುವ ಕೂಟವೇ ಪೌವೌ. ಈ ಉಡುಪು ತೊಟ್ಟು ಕುಣಿಯುವುದು ಕಾಯಿಲೆಯವರಿಗಾಗಿ, ನೊಂದವರಿಗಾಗಿ ಮಾಡುವ ಪ್ರಾರ್ಥನೆ. ಅವರು ಮಾತ್ರ ಒಮ್ಮೆಯೂ ಕುಣಿದಿರಲಿಲ್ಲ. ಆರನೇ ವಯಸ್ಸಿಗೆ ಸರ್ಕಾರದವರು ಅವರನ್ನು ಮನೆಯಿಂದ ಕರೆದೊಯ್ದು ದೂರದ ವಸತಿಶಾಲೆಗೆ ಹಾಕಿದ್ದರು. ಅಲ್ಲಿ ಮನೆಮಾತು ಆಡಿದರೆ ಏಟು. ಹೊಲಿಗೆ ಕಲಿತದ್ದೂ ಅಲ್ಲಿಯೇ, ಮಕ್ಕಳ ಬಟ್ಟೆಗಳ ಮೇಲೆ ಹೆಸರಿನ ಬದಲು ಕೊಟ್ಟ ನಂಬರು ಹೊಲಿಯುತ್ತ.

"ನನ್ನ ನಂಬರೂ ನಾನೇ ಹೊಲಿದೆ," ಎಂದರು ಸೂಜಿಗೆ ದಾರ ಪೋಣಿಸುತ್ತ.

ಕೂಟಕ್ಕೆ ಒಂದು ವಾರವಿತ್ತು. ಉಡುಪನ್ನು ನನ್ನ ಮುಂದೆ ಹಾಸಿದರು. "ಸಣ್ಣದು ಕಣ್ಣಿಗೆ ಕಾಣಲ್ಲ. ಕತ್ತುಪಟ್ಟಿ ಒಳಗೆ ನಮ್ಮಜ್ಜಿ ಇಟ್ಟ ಹೆಸರು ಹೊಲಿದುಕೊಡ್ತೀಯಾ?" ಒಂದೊಂದೇ ಅಕ್ಷರ ಹೇಳಿದರು, ನಾನು ಹೊಲಿದೆ. ಆ ಹೆಸರನ್ನು ಅವರು ನನಗೆ ಕೊಟ್ಟದ್ದು ಹೊಲಿಯುವುದಕ್ಕೆ, ಇಲ್ಲಿ ಬರೆಯುವುದಕ್ಕಲ್ಲ.

ಆ ಭಾನುವಾರ ನಾನೂ ಜೊತೆಗೆ ಹೋದೆ. ದೊಡ್ಡ ಬಯಲು, ನಡುವೆ ಕುಣಿತದ ವೃತ್ತ. ಹದ್ದಿನ ಗರಿ ಕಟ್ಟಿದ ಕೋಲು ಹಿಡಿದ ಹಿರಿಯರು ಮೊದಲು ಒಳಗೆ ಬಂದರು. ಎಲ್ಲರೂ ಎದ್ದು ನಿಂತರು, ಟೊಪ್ಪಿಗಳು ಕೆಳಗಿಳಿದವು. ಈಗ ಫೋಟೋ ಬೇಡ ಎಂದು ಮೈಕಿನಲ್ಲಿ ಹೇಳಿದಾಗ ನಾನು ಫೋನನ್ನು ಬ್ಯಾಗಿಗೆ ಹಾಕಿದೆ.

ಕೊಳವೆಯುಡುಪಿನ ಹೆಂಗಸರ ಕುಣಿತದ ಸರದಿ ಬಂತು. ನೀಲಿ ಉಡುಪು ತೊಟ್ಟು ಕೂತಿದ್ದ ಅಜ್ಜಿ ಏಳಲಿಲ್ಲ.

"ಭಾಷೆ ಬರಲ್ಲ. ಹೆಜ್ಜೆ ಸರಿಯಾಗಿ ಬರಲ್ಲ. ಅರವತ್ತು ವರ್ಷ ಲೇಟಾಗಿ ಬಂದೋಳು ನಾನು. ಎಲ್ಲ ನೋಡ್ತಾರೆ."

"ಹಾಗಾದ್ರೆ ಹೆಸರು ಬಿಚ್ಚಿಬಿಡ್ಲಾ ಅಜ್ಜಿ? ಬ್ಯಾಗಲ್ಲಿ ಕತ್ತರಿ ಇದೆ," ಎಂದೆ.

ದುರುಗುಟ್ಟಿ ನೋಡಿದರು. ಮರುಕ್ಷಣ ಜೋರಾಗಿ ನಕ್ಕರು. ನಗುತ್ತಲೇ ಎದ್ದು ವೃತ್ತದೊಳಗೆ ಹೋದರು.

ನೆಲ ಬಿಡದ ಸಣ್ಣ ಸಣ್ಣ ಹೆಜ್ಜೆ. ಮೊದಲ ಸುತ್ತು ಅಂಚಿನಲ್ಲೇ ಸಾಗಿತು. ಎರಡನೆಯ ಸುತ್ತಿನಲ್ಲಿ ಇನ್ನೊಬ್ಬ ಹಿರಿಯ ಹೆಂಗಸು ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ನಗಾರಿಯ ಬಡಿತ ಗಟ್ಟಿಯಾದಾಗ ಹೆಂಗಸರೆಲ್ಲ ಕೈ ಎತ್ತಿದರು. ಅಜ್ಜಿಯೂ ಎತ್ತಿದರು, ಕೊಂಚ ತಡವಾಗಿ. "ಮಂಡಿ ಹೋಯ್ತು ಕಣೇ," ಎನ್ನುತ್ತ ಹೊರಗೆ ಬಂದವರು ನನ್ನ ಹೆಗಲಿಗೆ ಮುಖ ಒತ್ತಿ ಬಹಳ ಹೊತ್ತು ಅತ್ತರು.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅವರು ಕೆಲಸಕ್ಕೆ ಬರಲಿಲ್ಲ. ಹೃದಯ ನಿಂತುಹೋಗಿತ್ತು. ಅವರ ತಂಗಿಯ ಮಗಳು ಅಂಗಡಿಗೆ ಬಂದು ಕನ್ನಡಕ ತೆಗೆದುಕೊಂಡು ಹೋದಳು.

ಮರು ಬೇಸಿಗೆಯ ಪೌವೌಗೆ ಒಬ್ಬಳೇ ಹೋದೆ. ಬಂದವರೆಲ್ಲ ಕುಣಿಯಿರಿ ಎಂದು ಕರೆದರೂ ತಂಗಿಯ ಮಗಳು ಕೂತೇ ಇದ್ದಳು. "ಸಾವಾದ ಮನೆಯವರು ನಾವು. ಒಂದು ವರ್ಷ ಕುಣಿಯಲ್ಲ," ಎಂದಳು.

"ನಾನೂ ಕೂತ್ಕೊಳ್ಳಲಾ?"

ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗನ್ನು ಅವಳು ಕೆಳಗಿಟ್ಟಳು.

ಈಗ ನಾನು ಹತ್ತಿರದ ಬರ್ಲಿಂಗ್ಟನ್ ಊರಿನಲ್ಲಿದ್ದೇನೆ, ಹೊಲಿಗೆ ಬಿಟ್ಟಿದ್ದೇನೆ. ಅಜ್ಜಿಯ ಬೆರಳುಗಳು ಕಣ್ಣಿಗೆ ಕಟ್ಟಿದಂತಿವೆ. ದನಿ ಮಾತ್ರ ಜಾರುತ್ತಿದೆ. ಮೇಲಿನ ಮಾತುಗಳನ್ನೆಲ್ಲ ನನ್ನ ಕನ್ನಡದಲ್ಲಿ ಬರೆದಿದ್ದೇನೆ. ಅವರು ಅವನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದ್ದರೆಂದು ನೆನಪಿಸಿಕೊಳ್ಳಲು ಕೂತರೆ... ತುಟಿ ಅಲುಗುವುದು ಕಾಣುತ್ತದೆ, ಕೇಳಿಸುವುದಿಲ್ಲ.